ಬೈಕ್ ರಿಪೇರಿ: ಯಾವ ಕೆಲಸ ಮನೆಯಲ್ಲಿ, ಯಾವುದು ಗ್ಯಾರೇಜಿನಲ್ಲಿ, ಯಾವುದು ಕಂಪನಿ ಸರ್ವಿಸ್‌ಗೆ?

ಬೆಂಗಳೂರಿನಲ್ಲಿ ಬೈಕ್ ಇಟ್ಟುಕೊಂಡವರಿಗೆ ಅದರ ಕೆಲಸ ಮಾಡಿಸಲು ನಾಲ್ಕು ದಾರಿಗಳಿವೆ. ಕಂಪನಿ ಸರ್ವಿಸ್ ಸೆಂಟರ್‌ಗೆ ಬಿಡಬಹುದು. ಏರಿಯಾದ ಗ್ಯಾರೇಜಿಗೆ ಹೋಗಬಹುದು. ಫೋನಿನಲ್ಲಿ ಬುಕ್ ಮಾಡಿ ಮೆಕ್ಯಾನಿಕ್‌ನನ್ನು ಮನೆ ಬಾಗಿಲಿಗೇ ಕರೆಸಬಹುದು. ಇಲ್ಲವೇ ಸ್ಪ್ಯಾನರ್ ಹಿಡಿದು ನಾವೇ ಕೂರಬಹುದು. ಇದರಲ್ಲಿ ಯಾವುದು ಒಳ್ಳೇದು ಅಂತ ಕೇಳುವವರು ತುಂಬಾ ಜನ. ಆದರೆ ಚೈನಿಗೆ ಎಣ್ಣೆ ಹಾಕೋದೂ ಬೈಕಿನ ಕೆಲಸವೇ, ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸೋದೂ ಬೈಕಿನ ಕೆಲಸವೇ. ಎರಡನ್ನೂ ಒಂದೇ ಕೈಗೆ ಕೊಡಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ಒಂದೊಂದು ಕೆಲಸವನ್ನೂ ಬೇರೆ ಬೇರೆಯಾಗಿ ನೋಡಿ ತೀರ್ಮಾನ ಮಾಡೋದೇ ಸರಿ.

ಪ್ರತಿ ಕೆಲಸಕ್ಕೂ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಇದರಲ್ಲಿ ತಪ್ಪಾದರೆ ಆ ತಪ್ಪು ಎಲ್ಲಿ ಗೊತ್ತಾಗುತ್ತದೆ? ಗಾಡಿ ಮನೆ ಮುಂದೆ ನಿಂತಿದ್ದಾಗಲೇ ಗೊತ್ತಾಗುವಂಥದ್ದಾದರೆ ಧೈರ್ಯವಾಗಿ ಮನೆಯಲ್ಲೇ ಮಾಡಬಹುದು. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಸರಿಯಾಗಿ ಕೂರದಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಆದರೆ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ, ಹಿಂದೆ ಬಿಎಂಟಿಸಿ ಬಸ್ಸು ಬರುತ್ತಿರುವಾಗ ಗೊತ್ತಾಗುವ ತಪ್ಪಾದರೆ? ಆ ಕೆಲಸವನ್ನು ನೂರಾರು ಸಲ ಮಾಡಿ ಪಳಗಿದ ಕೈಗೇ ಕೊಡಬೇಕು.

ದುಡ್ಡಿನ ಲೆಕ್ಕ ಆಮೇಲಿನದು. ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ, ನಿಜ. ಆದರೆ ಶುರುವಿನಲ್ಲಿ ಉಳಿದಿದ್ದೆಲ್ಲ ಸ್ಪ್ಯಾನರ್, ಬ್ರಷ್, ಸ್ಪ್ರೇ ಅಂತ ಅಲ್ಲೇ ಖರ್ಚಾಗುತ್ತದೆ. ದೊಡ್ಡ ಲಾಭ ಬೇರೆ ಇದೆ. ತಿಂಗಳಿಗೆ ಒಂದೆರಡು ಸಲ ಗಾಡಿ ಪಕ್ಕ ಕೂತವರಿಗೆ ಟೈರಿಗೆ ಚುಚ್ಚಿಕೊಂಡ ಮೊಳೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲೆ ಇಳಿದ ಎಣ್ಣೆ, ಎಳೆ ಎಳೆಯಾಗಿ ಕಿತ್ತುಹೋಗುತ್ತಿರುವ ಕ್ಲಚ್ ಕೇಬಲ್ ಮೊದಲೇ ಕಣ್ಣಿಗೆ ಬೀಳುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೇಬಲ್ ತುಂಡಾಗಿ ಗಾಡಿ ತಳ್ಳುವ ಪಾಡು ತಪ್ಪುತ್ತದೆ.

ಚೈನ್: ಬೇರೆಯವರಿಗೆ ಬಿಟ್ಟರೆ ಆಗುವ ಕೆಲಸ ಅಲ್ಲ

ಮಾಮೂಲಿ ಬೈಕುಗಳಲ್ಲಿ ಸುಮಾರು 500 ಕಿಲೋಮೀಟರಿಗೊಮ್ಮೆ ಚೈನ್ ಒರೆಸಿ ಲ್ಯೂಬ್ ಹಾಕಬೇಕು. ದಿನಕ್ಕೆ 30 ಕಿಲೋಮೀಟರ್ ಓಡಿಸುವವರಿಗೆ ಇದು ಎರಡೂವರೆ ವಾರಕ್ಕೊಮ್ಮೆ ಬರುವ ಕೆಲಸ. ಸರ್ವಿಸ್ ಬರುವುದು ತಿಂಗಳುಗಟ್ಟಲೆ ಬಿಟ್ಟು. ಅಷ್ಟರವರೆಗೆ ಚೈನ್ ಒಣಗಿಕೊಂಡೇ ಓಡಬೇಕು. ಅದರಲ್ಲೂ ಮೆಟ್ರೋ ಕೆಲಸ ನಡೆಯುವ ಔಟರ್ ರಿಂಗ್ ರೋಡಿನಂಥ ಕಡೆ ಓಡಾಡುವವರ ಚೈನ್ ನೋಡಿ. ಸಿಮೆಂಟ್ ಧೂಳು, ಹಳೇ ಗ್ರೀಸ್ ಸೇರಿ ಕಪ್ಪಗೆ ಅಂಟಂಟಾಗಿ ಕೂತಿರುತ್ತದೆ. ಆ ಅಂಟು ಉಪ್ಪುಕಾಗದದಂತೆ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಸುತ್ತುವ ಹಲ್ಲುಚಕ್ರದ, ಹಲ್ಲನ್ನು ತಿನ್ನುತ್ತದೆ. ಆಮೇಲೆ ಇಡೀ ಚೈನ್ ಸ್ಪ್ರಾಕೆಟ್ ಕಿಟ್ಟೇ ಬದಲಿಸಬೇಕಾಗುತ್ತದೆ. ಇಷ್ಟು ಸಲ ಯಾರೂ ಗ್ಯಾರೇಜಿಗೆ ಹೋಗುವುದಿಲ್ಲ. ಹಾಗಾಗಿ ಇದು ಮನೆಯಲ್ಲೇ ಆಗಬೇಕು.

ಮಾಡುವ ರೀತಿ ಹೀಗೆ. ಡಬಲ್ ಸ್ಟಾಂಡ್ ಹಾಕಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಆಫ್ ಆಗಿರಲಿ. ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಬೇಗ ಆಗಲಿ ಅಂತ ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಚಕ್ರ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆ ಚೈನಿಗೆ ಸಿಕ್ಕಿದರೆ ಬೆರಳೂ ಅದರ ಜೊತೆಗೇ ಸ್ಪ್ರಾಕೆಟ್ ಒಳಗೆ ಹೋಗುತ್ತದೆ. ಸೀಮೆಎಣ್ಣೆಯಲ್ಲೋ ಚೈನ್ ಕ್ಲೀನರ್‌ನಲ್ಲೋ ಅದ್ದಿದ ಹಳೇ ಟೂತ್‌ಬ್ರಷ್‌ನಿಂದ ನಾಲ್ಕೂ ಕಡೆ ಉಜ್ಜಿ. ಪೆಟ್ರೋಲ್ ಬೇಡ, ತಂತಿಯ ಬ್ರಷ್ಷೂ ಬೇಡ. ಕೊಂಡಿಗಳ ಮಧ್ಯೆ ಸಣ್ಣ ರಬ್ಬರ್ ಉಂಗುರ ಇರುವ ಓ-ರಿಂಗ್ ಚೈನ್ ಆದರೆ ಇವೆರಡೂ ಆ ರಬ್ಬರನ್ನು ಹಾಳು ಮಾಡುತ್ತವೆ. ಒಣಬಟ್ಟೆಯಲ್ಲಿ ಒರೆಸಿ, ಚೈನಿನ ಒಳಬದಿಗೆ ಲ್ಯೂಬ್ ಹೊಡೆಯಿರಿ. ಗಾಡಿ ಓಡುವಾಗ ಅದು ತಾನೇ ಹೊರಕ್ಕೆ ಹರಡುತ್ತದೆ. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಮುಂದೆ ಒಂದು ರಟ್ಟು ಹಿಡಿಯಿರಿ. ಟೈರಿಗೂ ಹನಿ ಬೀಳಬಾರದು. ರಾತ್ರಿ ಲ್ಯೂಬ್ ಹಾಕಿ ಬೆಳಿಗ್ಗೆ ಗಾಡಿ ತೆಗೆಯುವುದು ಒಳ್ಳೆಯ ರೂಢಿ.

ಬಳಸಿದ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದು ಚಕ್ರಕ್ಕೆಲ್ಲ ಸಿಡಿಯುತ್ತದೆ, ಧೂಳನ್ನು ಬೇಗ ಹಿಡಿಯುತ್ತದೆ. ಒಂದು ಕ್ಯಾನ್ ಲ್ಯೂಬ್ ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಬಿಗಿ ಮಾಡುವ ಕೆಲಸಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಕೆಳಗಿನ ಸಾಲಿನ ಮಧ್ಯದಲ್ಲಿ ಚೈನನ್ನು ಮೇಲೆ ಕೆಳಗೆ ಆಡಿಸಿ. ಬಹಳಷ್ಟು ಬೈಕುಗಳಲ್ಲಿ 20ರಿಂದ 35 ಮಿಲಿಮೀಟರ್ ಆಡಬೇಕು. ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲೋ ಚೈನ್ ಹತ್ತಿರದ ಸ್ಟಿಕ್ಕರಿನಲ್ಲೋ ಇರುತ್ತದೆ. ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ನೋಡಿ, ಯಾಕೆಂದರೆ ಚೈನ್ ಎಲ್ಲಾ ಕಡೆ ಒಂದೇ ಸಮ ಸವೆದಿರುವುದಿಲ್ಲ. ಎಲ್ಲಿ ಜಾಸ್ತಿ ಬಿಗಿಯೋ ಆ ಜಾಗಕ್ಕೆ ಅಳತೆ ಕೂರಿಸಿ. ಹಿಂದಿನ ಚಕ್ರವನ್ನು ಹಿಂದೆ ಮುಂದೆ ಸರಿಸುವ ಎರಡೂ ಬದಿಯ ಅಡ್ಜಸ್ಟರ್‌ಗಳು ಒಂದೇ ಗೆರೆಗೆ ಬರಬೇಕು. ಇಲ್ಲದಿದ್ದರೆ ಚಕ್ರ ವಾಲುತ್ತದೆ. ತುಂಬಾ ಜನ ಮರೆಯುವ ವಿಷಯ ಇನ್ನೊಂದಿದೆ. ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಚಕ್ರವನ್ನು ಹಿಂದಕ್ಕೆ ಸರಿಸಿದಾಗ ಬ್ರೇಕ್ ರಾಡ್ ಕೂಡ ಎಳೆದುಕೊಳ್ಳುತ್ತದೆ. ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತದೆ. ಮೈಲೇಜ್ ಬೀಳುತ್ತದೆ, ಡ್ರಮ್ ಕಾಯುತ್ತದೆ. ಚೈನ್ ಬಿಗಿ ಮಾಡಿದ ಮೇಲೆ ಬ್ರೇಕ್ ನಟ್ಟನ್ನೂ ಸರಿ ಮಾಡಿ, ಚಕ್ರ ಆರಾಮಾಗಿ ತಿರುಗುತ್ತಾ ನೋಡಿ.

ಒರೆಸಿ ಲ್ಯೂಬ್ ಹಾಕುವುದು ಎಲ್ಲರಿಗೂ ಆಗುವ ಕೆಲಸ. ಬಿಗಿ ಮಾಡುವುದನ್ನು ಮಾತ್ರ ಮೊದಲ ಸಲ ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡಿ, ಆಮೇಲೆ ಮನೆಯಲ್ಲಿ ಮಾಡಿ. ಚಕ್ರದ ಅಚ್ಚು ಹಿಡಿದಿರುವ ಆಕ್ಸಲ್ ನಟ್ ಸಡಿಲ ಬಿಟ್ಟರೆ ಅದು ಗೊತ್ತಾಗುವುದು ರೋಡಿನಲ್ಲಿ. ಕಿಟ್ ಬದಲಿಸುವುದು ಗ್ಯಾರೇಜಿನ ಕೆಲಸ. ಅಲ್ಲೂ ಒಂದು ಕಣ್ಣಿಡಿ: ಚೈನಿನ ಲಾಕ್ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗೇ ಇರಬೇಕು.

ಎಂಜಿನ್ ಆಯಿಲ್: ಎರಡೂ ಕಡೆ ಸರಿ, ಆದರೆ ಡಬ್ಬ ನಿಮ್ಮದಿರಲಿ

ಮನೆಯಲ್ಲಿ ಆಯಿಲ್ ಬದಲಿಸುವವರ ಮುಖ್ಯ ಕಾರಣ ನಂಬಿಕೆ. ಯಾವ ಎಣ್ಣೆ, ಎಷ್ಟು ಹಾಕಿದರು, ನಿಜವಾಗಲೂ ಬದಲಿಸಿದರಾ ಅನ್ನುವ ಅನುಮಾನವೇ ಇರುವುದಿಲ್ಲ. ಕೆಲಸವೂ ದೊಡ್ಡದಲ್ಲ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಎಣ್ಣೆ ಬಿಸಿ ಮಾಡಿ, ಆಫ್ ಮಾಡಿ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಟಬ್ಬಿಗೆ ಇಳಿಸಿ. ವಾಷರ್ ಹೊಸದು ಹಾಕಿ ಬೋಲ್ಟ್ ಕೂರಿಸಿ. ಫಿಲ್ಟರ್ ಬದಲಿಸುವ ಲೆಕ್ಕ ಬಂದಿದ್ದರೆ ಅದನ್ನೂ ಬದಲಿಸಿ. ಹೊಸ ಎಣ್ಣೆ ಹಾಕಿ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಿ.

ಅಪಾಯ ಇರುವುದು ಆ ಒಂದು ಬೋಲ್ಟಿನಲ್ಲಿ. ಬೋಲ್ಟ್ ಉಕ್ಕಿನದು, ಎಂಜಿನ್ನಿನ ತಳ ಅಲ್ಯೂಮಿನಿಯಮ್ಮಿನದು. ಜೋರಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಆಮೇಲೆ ಲೇತ್ ಅಂಗಡಿ ಕೆಲಸ. ಉದ್ದನೆಯ ಪೈಪ್ ಸಿಕ್ಕಿಸಿ ಬಿಗಿಯುವ ಅಗತ್ಯವೇ ಇಲ್ಲ. ಸಾಧ್ಯವಾದರೆ ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ವ್ರೆಂಚ್ ತಗೊಳ್ಳಿ, ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಹನಿ ಇಲ್ಲದಿದ್ದರೆ ನಿಶ್ಚಿಂತೆಯಿಂದ ಹೊರಡಿ. ಹನಿ ಇದ್ದರೆ ಗಾಡಿ ತೆಗೆಯಬೇಡಿ. ಸೋರಿದ ಎಣ್ಣೆ ಹಿಂದಿನ ಟೈರಿಗೆ ಬಿದ್ದರೆ ಜಾರುತ್ತದೆ.

ಎಣ್ಣೆ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಗ್ರೇಡ್, ಅಂದರೆ ಎಣ್ಣೆ ಎಷ್ಟು ಮಂದ ಅನ್ನುವ ಅಂಕಿ. ಸ್ಪ್ಲೆಂಡರ್, ಶೈನ್ ತರಹದ ಗಾಡಿಗಳಿಗೆ 10ಡಬ್ಲ್ಯೂ-30, ಈಗಿನ 350 ಸಿಸಿ ರಾಯಲ್ ಎನ್‌ಫೀಲ್ಡ್‌ಗಳಿಗೆ 15ಡಬ್ಲ್ಯೂ-50. ಇನ್ನೊಂದು, ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಇರುವ ಜಾಸೊ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಗುರುತು. ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳು ಇದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಜಾರಿಕೆ ಜಾಸ್ತಿ ಮಾಡುವ ಅಂಶ ಇರುವ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಸ್ಲಿಪ್ ಆಗುತ್ತದೆ. ಎಂಬಿ ಅಂತ ಇರುವ ಡಬ್ಬ ಸ್ಕೂಟರಿಗೆ. ಅಂಗಡಿಯವರು ಎಲ್ಲಾ ಒಂದೇ ಅಂದರೂ ಕೇಳಬೇಡಿ. ಹಾಗೇ, ಲೀಟರ್ ಡಬ್ಬ ತಂದ ಮಾತ್ರಕ್ಕೆ ಪೂರ್ತಿ ಸುರಿಯಬೇಕಿಲ್ಲ. ನಿಮ್ಮ ಎಂಜಿನ್ನಿಗೆ ಎಷ್ಟು ಬೇಕು ಅಂತ ಅಳೆದು ಹಾಕಿ. ಜಾಸ್ತಿಯಾದರೂ ತೊಂದರೆಯೇ.

ಮನೆಯಲ್ಲಿ ಜಾಗ ಇಲ್ಲ ಅನ್ನುವವರಿಗೆ ಮಧ್ಯದ ದಾರಿ ಇದೆ. ಎಣ್ಣೆ, ಫಿಲ್ಟರ್, ವಾಷರ್ ನೀವೇ ತಂದು, ಗ್ಯಾರೇಜಿಗೆ ಹೋಗಿ ಎದುರಿಗೇ ಹಾಕಿಸಿ, ಲೇಬರ್ ಕೊಟ್ಟು ಬನ್ನಿ. ಅಪಾರ್ಟ್‌ಮೆಂಟಿನಲ್ಲೋ ಪಿಜಿಯಲ್ಲೋ ಇರುವವರಿಗೆ ನಾನು ಹೇಳುವುದು ಇದನ್ನೇ.

ಮನೆಯಲ್ಲೇ ಬದಲಿಸಿದರೆ ಹಳೇ ಎಣ್ಣೆಯ ಜವಾಬ್ದಾರಿಯೂ ನಿಮ್ಮದೇ. ಅದನ್ನು ಮೋರಿಗೆ ಸುರಿಯುವುದು ಸುಲಭ. ಆದರೆ ನಮ್ಮ ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ನೋಡಿದ ಊರು ಇದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಸ ಎಣ್ಣೆಯ ಖಾಲಿ ಡಬ್ಬಕ್ಕೇ ಹಳೆಯದನ್ನು ತುಂಬಿ ಮುಚ್ಚಳ ಹಾಕಿ, ಬಳಸಿದ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮರುಬಳಕೆಗೆ ಕಳಿಸುವ ಗ್ಯಾರೇಜಿಗೋ ಸರ್ವಿಸ್ ಸೆಂಟರಿಗೋ ಕೊಡಿ. ಈ ಓಡಾಟ ಆಗುವುದಿಲ್ಲ ಅನ್ನುವುದಾದರೆ ಆಯಿಲ್ ಬದಲಿಸುವುದನ್ನು ಮನೆಯಲ್ಲಿ ಮಾಡಲೇಬೇಡಿ.

ಬ್ರೇಕ್: ನೋಡುವುದು ಮನೆಯಲ್ಲಿ, ಮುಟ್ಟುವುದು ಗ್ಯಾರೇಜಿನಲ್ಲಿ

ಹೆಬ್ಬಾಳದ ಪ್ರಶ್ನೆ ಮುಖ್ಯವಾಗುವುದು ಇಲ್ಲೇ. ಡಿಸ್ಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಬಿಟ್ಟು ನೋಡುವುದು, ಬ್ರೇಕ್ ಲಿವರ್ ಹತ್ತಿರದ ಮಾಸ್ಟರ್ ಸಿಲಿಂಡರಿನ ಕಿಂಡಿಯಲ್ಲಿ ಬ್ರೇಕ್ ಫ್ಲೂಯಿಡ್ ಮಟ್ಟ ನೋಡುವುದು, ಲಿವರ್ ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗಿದೆಯಾ ಅಂತ ನೋಡುವುದು, ಇವಿಷ್ಟು ನಿಮ್ಮ ಕೆಲಸ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದು ಕುದಿಯುವ ಬಿಸಿ ಕಡಿಮೆಯಾಗುತ್ತಾ ಬರುತ್ತದೆ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಒಳಗೆ ಗುಳ್ಳೆ ಎದ್ದು ಲಿವರ್ ಸಡಿಲವಾಗಬಹುದು. ಹಾಗಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಬೇಕು. ಪೇಂಟಿನ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ, ತಕ್ಷಣ ನೀರಿನಲ್ಲಿ ತೊಳೆಯಿರಿ.

ಫ್ಲೂಯಿಡ್ ಬದಲಿಸಿ ಒಳಗಿನ ಗಾಳಿ ತೆಗೆಯುವುದನ್ನು ಗ್ಯಾರೇಜಿಗೇ ಬಿಡಿ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಕಂಪನಿ ಸರ್ವಿಸ್ ಸೆಂಟರ್ ಇನ್ನೂ ಒಳ್ಳೆಯದು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಹಾಗಾಗಿ ಆಮೇಲೆ ಕೊಂಡ ಪಲ್ಸರ್ 150, ಅಪಾಚೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಎಲ್ಲ ಇದೇ ಗುಂಪಿಗೆ ಬರುತ್ತವೆ. ಪ್ಯಾಡ್ ಬದಲಿಸುವುದು ಮಾತ್ರ ಅನುಭವ ಆದ ಮೇಲೆ ಮನೆಯಲ್ಲೂ ಆಗುತ್ತದೆ. ಒಂದು ವಿಷಯ ಮರೆಯಬಾರದು. ಹೊಸ ಪ್ಯಾಡ್ ಹಾಕಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಒತ್ತದೆ ಹೊರಟರೆ ಮೊದಲ ಸಲ ಬ್ರೇಕ್ ಹಿಡಿಯುವುದೇ ಇಲ್ಲ.

ಸಣ್ಣ ಕೆಲಸಗಳು

ಗಾಳಿ ಒತ್ತಡ, ಕ್ಲಚ್ ಕೇಬಲ್ ಸಡಿಲ, ಬ್ಯಾಟರಿ, ಫ್ಯೂಸ್, ಪ್ಲಗ್ ಎಲ್ಲವೂ ಮನೆಯ ಕೆಲಸವೇ. ಕ್ಲಚ್ ಲಿವರಿನ ತುದಿ 10ರಿಂದ 20 ಮಿಲಿಮೀಟರ್ ಖಾಲಿ ಆಡಬೇಕು. ಪೂರ್ತಿ ಬಿಗಿ ಇದ್ದರೆ ನಮ್ಮ ಟ್ರಾಫಿಕ್ಕಿನಲ್ಲಿ ಕ್ಲಚ್ ಪ್ಲೇಟ್ ಬೇಗ ಸುಟ್ಟುಹೋಗುತ್ತದೆ. ಬ್ಯಾಟರಿಗೆ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.5ರಿಂದ 14.5ರ ಒಳಗೆ ತೋರಿಸಿದರೆ ಚಾರ್ಜಿಂಗ್ ಸರಿ ಇದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ನೆಗೆಟಿವ್ ಕೊನೆಗೆ. ಕಿಕ್ಕರ್ ಇಲ್ಲದ ಈಗಿನ ಗಾಡಿಗಳಲ್ಲಿ ಬ್ಯಾಟರಿ ಸತ್ತರೆ ದಾರಿಯಲ್ಲೇ ನಿಲ್ಲಬೇಕಾಗುತ್ತದೆ, ಅದಕ್ಕೇ ಇಷ್ಟು ಹೇಳಿದ್ದು. ಫ್ಯೂಸ್ ಹೋದರೆ ಅಷ್ಟೇ ಆಂಪಿಯರ್‌ನದು ಹಾಕಿ. ತಂತಿ ಸುತ್ತಿ ಓಡಿಸಿದರೆ ವೈರಿಂಗ್ ಸುಡುತ್ತದೆ.

ಏರ್ ಫಿಲ್ಟರಿನಲ್ಲಿ ಎಲ್ಲವೂ ಒಂದೇ ತರಹ ಇಲ್ಲ. ಸ್ಪಂಜಿನ ಫಿಲ್ಟರ್ ತೊಳೆದು ಎಣ್ಣೆ ಹಾಕಿ ಮತ್ತೆ ಬಳಸಬಹುದು. ಎಣ್ಣೆ ಲೇಪಿಸಿದ ಪೇಪರ್ ಫಿಲ್ಟರ್ ಇದ್ದರೆ ಗಾಳಿ ಹೊಡೆಸಬೇಡಿ. ಆ ಲೇಪವೇ ಧೂಳು ಹಿಡಿಯುವುದು. ಅದು ಕೊಳೆಯಾದ ಮೇಲೆ ಹೊಸದು ಹಾಕುವುದೊಂದೇ ದಾರಿ. ಗಾಳಿ ಹೊಡೆದು ‘ಕ್ಲೀನ್ ಆಯ್ತು’ ಅಂತ ವಾಪಸ್ ಹಾಕುವವರು ಇದ್ದಾರೆ, ಗಮನಿಸಿ.

ಕಂಪನಿ ಸರ್ವಿಸ್ ಯಾವಾಗ ಬೇಕೇ ಬೇಕು?

ವಾರಂಟಿ ಇರುವವರೆಗೆ. ಇದರಲ್ಲಿ ಚೌಕಾಸಿ ಬೇಡ. ಮೊದಲ ಸರ್ವಿಸ್‌ಗಳನ್ನು ಹೇಳಿದ ಸಮಯಕ್ಕೆ ಕಂಪನಿಯಲ್ಲೇ ಮಾಡಿಸಿ, ಪುಸ್ತಕದಲ್ಲಿ ಸೀಲ್ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ನಾಳೆ ಎಂಜಿನ್ನಿನಲ್ಲಿ ದೊಡ್ಡ ತೊಂದರೆ ಬಂದರೆ ಅವರು ಮೊದಲು ಕೇಳುವುದು ಅದನ್ನೇ. ಫ್ರೀ ಸರ್ವಿಸ್ ಅಂದರೆ ಲೇಬರ್ ಮಾತ್ರ ಫ್ರೀ, ಎಣ್ಣೆ ಮತ್ತು ಪಾರ್ಟ್ಸ್‌ಗೆ ದುಡ್ಡು ಕೊಡಬೇಕು. ಆಮೇಲಿನ ಸರ್ವಿಸ್‌ಗಳಲ್ಲಿ ಲೇಬರ್ ಮೇಲೆ ಶೇ 18 ಜಿಎಸ್‌ಟಿಯೂ ಸೇರುತ್ತದೆ. ವಾರಂಟಿ ಇದ್ದಾಗಲೂ ಚೈನ್ ಒರೆಸುವುದು, ಗಾಳಿ ನೋಡುವುದು ಮನೆಯಲ್ಲಿ ಮಾಡಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಎರಡನೆಯ ಕಾರಣ ಎಲೆಕ್ಟ್ರಾನಿಕ್ಸ್. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸಾಮಾನ್ಯ ಬೈಕುಗಳಲ್ಲೂ ಕಾರ್ಬೊರೇಟರ್ ಹೋಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಬಿಡುವ ಫ್ಯೂಯಲ್ ಇಂಜೆಕ್ಷನ್ ಬಂತು. ಹಿಂದೆ ಸ್ಕ್ರೂಡ್ರೈವರ್ ಹಿಡಿದು ಐಡ್ಲಿಂಗ್ ಕೂರಿಸುತ್ತಿದ್ದ ಕೈಚಳಕ ಇಲ್ಲಿ ನಡೆಯುವುದಿಲ್ಲ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿ ಆರದೇ ಇದ್ದರೆ ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. ಊಹೆ ಮೇಲೆ ಸೆನ್ಸರ್ ಬದಲಿಸುತ್ತಾ ಹೋದರೆ ದುಡ್ಡು ನೀರಾಗುತ್ತದೆ.

ಕಂಪನಿ ಸೆಂಟರಿನ ಕೊರತೆ ಏನೆಂದರೆ ಗಾಡಿ ಮುಟ್ಟುವವರ ಜೊತೆ ಮಾತಾಡಲು ಆಗುವುದಿಲ್ಲ. ನೀವು ಹೇಳುವುದು ಕೌಂಟರಿನವರಿಗೆ, ಕೆಲಸ ಮಾಡುವವರು ಒಳಗಿರುತ್ತಾರೆ. ಹಾಗಾಗಿ ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡೇ ನಿಮ್ಮ ದನಿ. ‘ಜನರಲ್ ಸರ್ವಿಸ್’ ಅಂತ ಒಂದೇ ಸಾಲು ಬರೆಸಿ ಬರಬೇಡಿ. ‘ಮೂರನೇ ಗೇರಿನಲ್ಲಿ 40 ದಾಟಿದಾಗ ಮುಂದಿನಿಂದ ಕಟಕಟ ಸದ್ದು, ಬ್ರೇಕ್ ಹಿಡಿದರೆ ನಿಲ್ಲುತ್ತದೆ’ ಅಂತ ಬರೆಸಿ. ಇಷ್ಟು ವಿವರ ಕೊಡುವುದು ತಮ್ಮ ಗಾಡಿಯನ್ನು ತಾವೇ ಗಮನಿಸುವವರಿಗೆ ಸಾಧ್ಯ. ಹೇಳದ ಪಾಲಿಶ್, ಎಂಜಿನ್ ಡಿಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು) ಇತ್ಯಾದಿ ಬಿಲ್ಲಿನಲ್ಲಿ ಸೇರದಂತೆ ಮೊದಲೇ ಬೇಡ ಅಂತಲೂ ಬರೆಸಿ.

ಏರಿಯಾದ ಗ್ಯಾರೇಜ್

ವಾರಂಟಿ ಮುಗಿದ ಸಾಮಾನ್ಯ ಬೈಕಿಗೆ ನನ್ನ ಮೊದಲ ಆಯ್ಕೆ ಇದು, ಒಳ್ಳೆಯವರು ಸಿಕ್ಕಿದರೆ. ಕೋನ್ ಸೆಟ್ (ಹ್ಯಾಂಡಲ್ ಬೇರಿಂಗ್), ಫೋರ್ಕ್ ಆಯಿಲ್ ಸೀಲ್, ಟ್ಯಾಪೆಟ್ (ವಾಲ್ವ್ ಸಂದು), ಕ್ಲಚ್ ಪ್ಲೇಟ್, ವೀಲ್ ಬೇರಿಂಗ್: ನಮ್ಮ ಗುಂಡಿಗಳು ಮತ್ತು ಟ್ರಾಫಿಕ್ ತಿನ್ನುವುದು ಇವನ್ನೇ. ಏರಿಯಾದ ಮೆಕ್ಯಾನಿಕ್ ವಾರವೆಲ್ಲ ಇದೇ ಕೆಲಸ ಮಾಡುತ್ತಿರುತ್ತಾರೆ. ಸದ್ದು ಕೇಳಿಯೇ ಹೇಳುವ ಅನುಭವ ಅವರಿಗಿರುತ್ತದೆ.

ಒಳ್ಳೆಯವರು ಅಂತ ಹೇಗೆ ಗೊತ್ತಾಗುತ್ತದೆ? ಒಂದು ಸಣ್ಣ ಮಾತುಕತೆಯಲ್ಲೇ ಗೊತ್ತಾಗುತ್ತದೆ.

‘ಅಣ್ಣಾ, ಪ್ಯಾಡ್ ಬದಲಾಯಿಸಬೇಕಾ?’

‘ಇರಿ ಸರ್, ಬಿಚ್ಚಿ ತೋರಿಸ್ತೀನಿ. ನೋಡಿ, ಸವೆತ ತೋರಿಸೋ ಗೆರೆ ಇನ್ನೂ ಇದೆ. ಮುಂದಿನ ತಿಂಗಳು ಬನ್ನಿ, ಆವಾಗ ಹಾಕೋಣ.’

ಬೇಡದ ಕೆಲಸವನ್ನು ಬೇಡ ಅನ್ನುವ ಮೆಕ್ಯಾನಿಕ್ ಸಿಕ್ಕಿದರೆ ಅವರನ್ನು ಬಿಡಬೇಡಿ. ಬದಲಿಸಿದ ಹಳೇ ಪಾರ್ಟ್ ಕೇಳದೆಯೇ ಕೈಗೆ ಕೊಡುವವರು, ಪಕ್ಕ ನಿಂತು ನೋಡಿದರೆ ಮುಖ ಸಿಂಡರಿಸದವರು, ಅಲ್ಯೂಮಿನಿಯಂ ಕವರಿನ ಸ್ಕ್ರೂಗೆ ಸುತ್ತಿಗೆ ಏಟು ಹಾಕುವ ಮೊದಲು ಸರಿಯಾದ ಬಿಟ್ ಹುಡುಕುವವರು ನಂಬಿಕಸ್ಥರು. ಲೇಬರ್ ಬಗ್ಗೆ ಅವರ ಜೊತೆ ಹತ್ತು ಇಪ್ಪತ್ತು ರೂಪಾಯಿಗೆ ಜಗ್ಗಾಡಬೇಡಿ. ಪಾರ್ಟ್ಸ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಬ್ರೇಕ್ ಶೂ, ಪ್ಯಾಡ್, ಕೇಬಲ್, ಬೇರಿಂಗ್ ಡ್ಯೂಪ್ಲಿಕೇಟ್ ಬೇಡವೇ ಬೇಡ. ಕಂಪನಿ ಸ್ಪೇರ್ಸ್ ಕೌಂಟರಿನಲ್ಲೋ ಜೆ.ಸಿ. ರಸ್ತೆಯ ಗೊತ್ತಿರುವ ಅಂಗಡಿಯಲ್ಲೋ ನೀವೇ ತಂದುಕೊಡಿ. ಪ್ಯಾಕೆಟ್ಟಿನ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ ಇದೆಯಾ ನೋಡಿ. ಹಳೇ ಪಾರ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಅಳತೆ ತಪ್ಪುವುದಿಲ್ಲ.

ಮನೆ ಬಾಗಿಲಿಗೆ ಬರುವ ಮೆಕ್ಯಾನಿಕ್

ಬ್ಯಾಟರಿ ಸತ್ತಿದೆ, ಪಂಕ್ಚರ್ ಆಗಿದೆ, ತಿಂಗಳುಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅನ್ನುವಾಗ ಇದು ತುಂಬಾ ಉಪಯೋಗ. ತಳ್ಳಿಕೊಂಡು ಹೋಗುವ ಕಷ್ಟ ಇಲ್ಲ, ಕೆಲಸವೂ ಕಣ್ಣೆದುರಿಗೇ ಆಗುತ್ತದೆ. ಆದರೆ ಪ್ರತಿ ಸಲ ಬೇರೆ ಬೇರೆಯವರು ಬರುವುದರಿಂದ ನಿಮ್ಮ ಗಾಡಿಯ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಗಿನಲ್ಲಿ ಹಿಡಿಸುವಷ್ಟೇ ಸಾಮಾನು ಇರುತ್ತದೆ. ಹಾಗಾಗಿ ಎಂಜಿನ್ ಬಿಚ್ಚುವಂಥ ಕೆಲಸಕ್ಕೆ ಇದು ಸರಿಹೋಗುವುದಿಲ್ಲ.

ಜಾಗ, ನೀರು, ಸಾಮಾನು

ಮನೆಯಲ್ಲಿ ಮಾಡುವವರಿಗೆ ಬೇಕಿರುವುದು ಸಮನಾದ ನೆಲ, ಬೆಳಕು, ಓನರ್ ಅಥವಾ ಅಸೋಸಿಯೇಷನ್ ಒಪ್ಪಿಗೆ. ಇಳಿಜಾರಿನಲ್ಲಿ ಡಬಲ್ ಸ್ಟಾಂಡ್ ಹಾಕಿ ಕೆಲಸ ಮಾಡಬೇಡಿ. ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಕೊಂಡು ಕೂರಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಗಾಡಿ ತೊಳೆಯುವ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಹೇಳಿತ್ತು. ಪೈಪ್ ಹಿಡಿದು ತೊಳೆಯುವ ಅಗತ್ಯವೂ ಇಲ್ಲ. ಅರ್ಧ ಬಕೆಟ್ ನೀರು, ಎರಡು ಬಟ್ಟೆ ಸಾಕು. ಜೋರು ನೀರನ್ನು ಬೇರಿಂಗ್, ಸ್ವಿಚ್, ಸೈಲೆನ್ಸರ್ ಬಾಯಿಗೆ ಹೊಡೆಯದಿದ್ದರೆ ಗಾಡಿಗೂ ಒಳ್ಳೆಯದು.

ಸಾಮಾನನ್ನು ಒಂದೇ ಸಲ ಪೆಟ್ಟಿಗೆಗಟ್ಟಲೆ ತರಬೇಡಿ. ಎಸ್‌.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಹೀರೊ, ಹೋಂಡಾ ಗಾಡಿಗಳಲ್ಲಿ 8, 10, 12, 14 ನಂಬರಿನ ಸ್ಪ್ಯಾನರ್‌ಗಳೇ ಜಾಸ್ತಿ ಬೇಕಾಗುತ್ತವೆ. ಹಿಂದಿನ ಆಕ್ಸಲ್ ನಟ್ಟಿನ ಅಳತೆ ನೋಡಿಕೊಂಡು ಒಂದು ದೊಡ್ಡ ರಿಂಗ್ ಸ್ಪ್ಯಾನರ್ ತಗೊಳ್ಳಿ. ಕಡಿಮೆ ಬೆಲೆಯ ಸ್ಪ್ಯಾನರ್ ನಟ್ಟಿನ ಮೂಲೆಯನ್ನೇ ಸವೆಸುತ್ತದೆ. ಟಪಾರಿಯಾ ಕಂಪನಿಯದಂಥ ಗಟ್ಟಿ ಸಾಮಾನು ನಾಲ್ಕೇ ಇದ್ದರೂ ಸಾಕು.

ಯಾರಿಗೆ ಯಾವುದು?

ಹೊಸ ಗಾಡಿಯವರು ಕಂಪನಿ ಸರ್ವಿಸ್ ಮಾಡಿಸಿ, ಚೈನ್ ಮತ್ತು ಗಾಳಿ ಮನೆಯಲ್ಲಿ ನೋಡಿಕೊಳ್ಳಿ. ಏಳೆಂಟು ವರ್ಷದ ಸ್ಪ್ಲೆಂಡರ್, ಶೈನ್, ಪಲ್ಸರ್ ಇರುವವರಿಗೆ ಮನೆ ಮತ್ತು ಏರಿಯಾ ಗ್ಯಾರೇಜ್ ಎರಡೂ ಸೇರಿದರೆ ಸಾಕು. ಡೆಲಿವರಿ ಕೆಲಸ ಮಾಡುವವರು ಬೇರೆಯವರಿಗಿಂತ ಮೊದಲು ಇದನ್ನು ಕಲಿಯಬೇಕು. ಗಾಡಿ ನಿಂತರೆ ಆ ದಿನದ ದುಡಿಮೆಯೇ ನಿಲ್ಲುತ್ತದೆ. ಸೀಟಿನ ಕೆಳಗೆ ಒಂದು ಕ್ಲಚ್ ಕೇಬಲ್, ಫ್ಯೂಸ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಇಟ್ಟುಕೊಳ್ಳಿ.

ಹಳೇ ಯೆಜ್ದಿ, ಯಮಹಾ ಆರ್‌ಎಕ್ಸ್ 100 ಇರುವವರ ಲೆಕ್ಕ ಬೇರೆ. ಯೆಜ್ದಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಿಂತದ್ದು 1996ರಲ್ಲಿ, ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಕಂಪನಿ ಸರ್ವಿಸ್ ಅನ್ನುವ ದಾರಿಯೇ ಅವರಿಗಿಲ್ಲ. ಆ ಗಾಡಿಗಳನ್ನೇ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಪಾಯಿಂಟ್ ಗ್ಯಾಪ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್‌ನ ಸಂದು), ಕಾರ್ಬೊರೇಟರ್, ಟೈಮಿಂಗ್ ಕಲಿತುಕೊಳ್ಳಿ. ಅವರ ಕೈಯಲ್ಲಿರುವುದು ಯಾವ ಮ್ಯಾನ್ಯುಯಲ್‌ನಲ್ಲೂ ಪೂರ್ತಿ ಸಿಗುವುದಿಲ್ಲ.

ಈಗಷ್ಟೇ ಶುರು ಮಾಡುವವರು ಮೊದಲ ತಿಂಗಳು ಚೈನ್ ಒರೆಸುವುದು ಮತ್ತು ಗಾಳಿ ನೋಡುವುದು, ಇಷ್ಟೇ ಮಾಡಿ. ಮಳೆಗಾಲದಲ್ಲಿ ನೆನೆದ ದಿನವೇ ಚೈನ್ ಒರೆಸಿ ಲ್ಯೂಬ್ ಹಾಕಿ. ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಪೂರ್ತಿ ನೋಡಿಸುವುದಿದ್ದರೆ ಆಯುಧ ಪೂಜೆಯ ಹಿಂದಿನ ವಾರ ಬೇಡ. ಊರಿನ ಗಾಡಿಗಳೆಲ್ಲ ಆವಾಗ ಸಾಲಾಗಿ ನಿಂತಿರುತ್ತವೆ, ನಿಧಾನವಾಗಿ ನೋಡಲು ಮೆಕ್ಯಾನಿಕ್‌ಗೂ ಪುರುಸೊತ್ತು ಇರುವುದಿಲ್ಲ. ಹದಿನೈದು ದಿನ ಮೊದಲೇ ಬಿಡಿ.